ತಲೆ ಮೇಲೆ ಸೆರಗು, ಬೆನ್ನ ಮೇಲೆ ಕಾಲು

ನಾನು ಆ ಊರಿಗೆ ಸಿಸ್ಟರ್ ಆಗಿ ಹೋದ ಹೊಸದರಲ್ಲಿ ತೆಂಗಿನಕಾಯಿ ಸುಲಿಯುವ ಆಳೊಬ್ಬ ಸಬ್‌ಸೆಂಟರಿಗೆ ಬಂದು, "ಕಾಲಿಗೆ ಹೋಗಿದ್ದೆ ಕಣ್ರೀ, ಇವತ್ತು ಎರಡನೇ ದಿನ, ನೋವಿಗೊಂದು ಮಾತ್ರೆ ಕೊಡಿ" ಅಂದ. ನಾನು ಅವನ ಪಂಚೆ ಎತ್ತಿಸಿ, ಎರಡೂ ಕಾಲು ಒತ್ತಿ ಒತ್ತಿ ನೋಡಿ, ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತಿದೆ. ಸರ್ಕಾರದೋರು ಏನೋ ಮಾಡ್ತಾರೆ, ಮಾಡಲಿ ಅಂತ ಅವನೂ ಸುಮ್ಮನೆ ಸುತ್ತಿಸಿಕೊಂಡ. ಆಮೇಲೆ ಅರಳಿಕಟ್ಟೆ ಹತ್ತಿರ ಹೋಗಿ, "ನೋವಿರೋದು ಸ್ವಂಟಕ್ಕೆ, ಸಿಸ್ಟರಮ್ಮ ಬಟ್ಟೆ ಕಟ್ಟಿದ್ದು ಕಾಲಿಗೆ" ಅಂದನಂತೆ. ಒಂದು ವಾರ ಊರೆಲ್ಲ ನಕ್ಕಿತು. ಆ ಊರಲ್ಲಿ 'ಕಾಲು' ಅಂದರೆ ಒಬ್ಬ ಹೆಂಗಸು. 'ಕಾಲಿಗೆ ಹೋಗಿದ್ದೆ' ಅಂದರೆ ಆಕೆಯ ಮನೆಗೆ ಹೋಗಿ ಸೊಂಟ ತುಳಿಸಿಕೊಂಡು ಬಂದೆ ಅಂತ ಅರ್ಥ.

ಆಕೆ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ತುಳಿದರೆ ಉಳುಕು, ಸೊಂಟದ ಹಿಡಿತ ಬಿಟ್ಟುಹೋಗುತ್ತದೆ ಅನ್ನುವುದು ನಮ್ಮ ತಿಪಟೂರು, ತುರುವೇಕೆರೆ ಕಡೆ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂರು ದಿನ, ದಿನಕ್ಕೆ ಮೂರು ತುಳಿತ. ಎದ್ದು ಹೋಗುವಾಗ 'ಬತ್ತೀನಿ' ಅನ್ನಬಾರದು. ಅಂದರೆ ನೋವೂ ಜೊತೆಗೇ ವಾಪಸು ಬರುತ್ತದಂತೆ. ಸುಮ್ಮನೆ ಎದ್ದು, ಹಿಂದಕ್ಕೆ ನೋಡದೆ ಹೋಗಬೇಕು.

ಹೋದ ತಿಂಗಳು ಆಕೆ ತೀರಿಕೊಂಡಳು. ಊರವರು ಆಕೆಯನ್ನು ಹೊಗಳುತ್ತಾರೆ, ಹೊಗಳಿ ಮುಗಿಸುವಾಗ ಒಂದು 'ಆದರೆ' ಸೇರಿಸುತ್ತಾರೆ: ಆದರೆ ಕೊನೆಕೊನೆಗೆ ತನ್ನ ಕಾಲು ಕೆಟ್ಟಿದ್ದು ಗೊತ್ತಿದ್ದೂ ಮುಚ್ಚಿಟ್ಟುಕೊಂಡು ಜನರನ್ನ ತುಳಿದಳು, ಅಂತ. ಅದು ಸುಳ್ಳು. ಎಂಟು ವರ್ಷ ಆಕೆಯ ಹೆಸರಿಗೆ ಅಂಟಿಕೊಂಡಿದ್ದ ಸುಳ್ಳು. ಅದು ಹೇಗೆ ಅಂಟಿತು ಅಂತ ಹೇಳದೆ ಆಕೆಯ ಬಗ್ಗೆ ಬೇರೇನು ಬರೆದರೂ ದಂಡ.

ಮೊದಲ ಸಲ ನಾನು ಆಕೆಯ ಮನೆಗೆ ಹೋಗಿದ್ದು ಜಗಳಕ್ಕೆ. ಬ್ಯಾಂಡೇಜಿನ ಅವಮಾನ ಬೇರೆ ಉರಿಯುತ್ತಿತ್ತು. ಓದಿ, ಟ್ರೇನಿಂಗ್ ಮಾಡಿ, ಬಿಳಿ ಸೀರೆ ಉಟ್ಟು ಬಂದು ಕೂತವಳ ಮುಂದೆ ನೊಣ ಹಾರಾಡುತ್ತಿದ್ದರೆ, ಆಕೆಯ ಜಗಲಿ ಮೇಲೆ ಬೆಳಿಗ್ಗೆ ಬೆಳಿಗ್ಗೆ ಸಾಲು. ಬೆನ್ನು ಮೂಳೆ ಅಂದರೆ ಏನು ಅಂತ ಇವತ್ತು ಹೇಳಿಯೇ ಬರುತ್ತೇನೆ ಅಂತ ಹೊರಟೆ. ಪಡಸಾಲೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಊರಿನ ದೊಡ್ಡ ತೋಟದ ಯಜಮಾನರು, ಎದುರಿಗೆ ಬಂದರೆ ಹೆಂಗಸರು ಗೋಡೆಗೆ ಸರಿಯುವಂಥ ಮನುಷ್ಯ, ಗೋಣಿಚೀಲದ ಮೇಲೆ ಬೋರಲು ಬಿದ್ದಿದ್ದಾರೆ. ಆಕೆ ಅವರ ವರಸೆಯಲ್ಲಿ ಸೊಸೆ. ತಲೆ ಮೇಲೆ ಸೆರಗು ಹೊದ್ದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಬಲಗಾಲನ್ನು ಅವರ ಬೆನ್ನ ಮೇಲಿಟ್ಟು ನಿಂತಿದ್ದಾಳೆ! ಒಂದೊಂದು ಸಲ ತುಳಿದಾಗಲೂ, "ತಪ್ಪಾಯ್ತು ಮಾವ... ತಪ್ಪಾಯ್ತು ಮಾವ." ಕೆಳಗಿಂದ ಅವರು, "ಆಗ್ಲಿ ಬುಡವ್ವ, ಇನ್ನೊಸಿ ಬಲವಾಗಿ ತುಳಿ." ನನಗೆ ನಗು ತಡೆಯಲಾಗಲಿಲ್ಲ. ಜಗಳ ಆಡುವುದು ಮರೆತೇಹೋಯಿತು. ನಾನು ನಕ್ಕಿದ್ದು ನೋಡಿ ಆಕೆಯೂ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕಳು.

ಅವತ್ತೇ ಕಣ್ಣಿಗೆ ಬಿದ್ದದ್ದು ಆ ಹಗ್ಗ. ಮೇಲಿನ ತೊಲೆಯಿಂದ ಒಂದು ತೆಂಗಿನ ನಾರಿನ ಹಗ್ಗ ಇಳಿಬಿದ್ದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಆಕೆ ತನ್ನ ಭಾರವನ್ನೆಲ್ಲ ಹಗ್ಗಕ್ಕೆ ಕೊಟ್ಟುಬಿಡುತ್ತಿದ್ದಳು. ಮೊದಲು ಬರೀ ಅಂಗಾಲು ತಾಗಿಸಿ ಸುಮ್ಮನೆ ನಿಲ್ಲುವುದು. ಸೊಂಟದಿಂದ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸವರುವುದು. ಆಮೇಲೆ ಒಂದು ಜಾಗದಲ್ಲಿ ನಿಂತು ಕೈ ಸಡಿಲಿಸುತ್ತಾ ಇಷ್ಟಿಷ್ಟೇ ತೂಕ ಬಿಡುವುದು. "ಅಂಗಾಲಿಗೆ ತಿಳೀತೈತೆ ಕಣ್ರೀ ಸಿಸ್ಟ್ರೇ. ಹಿಡ್ಕಂಡಿರೋ ಜಾಗ ಗಟ್ಟಿ ಇರ್ತೈತೆ. ಎಷ್ಟು ತೂಕ ತಡೀತೈತೆ ಅಂತ ಅದೇ ಹೇಳ್ತೈತೆ. ಅದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಬುಡಬಾರ್ದು."

ನಾನು ನಂಬಿದೆನಾ? ಇಲ್ಲ. ಉಳುಕು ಮೂರು ದಿನಕ್ಕೆ ತಾನಾಗೇ ಹೋಗುತ್ತದೆ ಅಂತ ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಒಂದು ವಿಷಯ ನನಗೆ ನಿಧಾನಕ್ಕೆ ಅರ್ಥವಾಯಿತು. ನಾನು ಕಾಯಿ ಸುಲಿಯುವವನಿಗೆ 'ರೆಸ್ಟ್ ತಗೋಪ್ಪ' ಅಂತ ಚೀಟಿ ಬರೆದುಕೊಟ್ಟರೆ ಕೊಬ್ಬರಿ ಮಂಡಿ ಸಾಹುಕಾರ ಅದರಲ್ಲಿ ಎಲೆ ಅಡಿಕೆ ಕಟ್ಟಿಕೊಳ್ಳುತ್ತಿದ್ದ. ಆಕೆ, "ಮೂರು ದಿನ ಭಾರ ಎತ್ತಂಗಿಲ್ಲ, ಬಗ್ಗಂಗಿಲ್ಲ, ಎತ್ತಿಸಿದೋರಿಗೆ ಆ ನೋವು ಹತ್ಕಂತೈತೆ" ಅಂತ ಹೇಳಿ ಕಳಿಸಿದರೆ ಅದೇ ಸಾಹುಕಾರ ಕೈಮುಗಿದು ರಜ ಕೊಡುತ್ತಿದ್ದ. ಅರ್ಧ ವೈದ್ಯ ಅಲ್ಲೇ ಆಗಿಹೋಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. "ಏನಕ್ಕಾ, ಎತ್ತಿಸಿದವರಿಗೆ ಹತ್ಕೊಳ್ಳುತ್ತಾ ನಿಜವಾಗ್ಲೂ?" ಆಕೆ ಕಣ್ಣು ಮಿಟುಕಿಸಿದಳು. "ಹತ್ಕಂಡ್ರೆ ಒಳ್ಳೇದೇ ಬುಡಿ."

ಆಕೆಯ ಇನ್ನೊಂದು ಮಾತು ನನಗೆ ತುಂಬಾ ಇಷ್ಟ: "ಇದು ನನ್ನದಲ್ಲ." ಮರದಿಂದ ಬಿದ್ದವರನ್ನು ಆಕೆ ಮುಟ್ಟುತ್ತಿರಲಿಲ್ಲ. ನೋವು ಕಾಲಿನವರೆಗೆ ಎಳೆಯುತ್ತದೆ ಅಂದವರನ್ನು, ಜ್ವರ ಇದ್ದವರನ್ನು, ಬಸುರಿಯರನ್ನು ಜಗಲಿಯಿಂದಲೇ ಎಬ್ಬಿಸಿ ನನ್ನ ಹತ್ತಿರ ಅಟ್ಟುತ್ತಿದ್ದಳು. ಒಮ್ಮೆ ಹುಳಿಯಾರು ಕಡೆಯಿಂದ ಕುರಿ ಹೊಡೆದುಕೊಂಡು ಬಂದಿದ್ದವನೊಬ್ಬನನ್ನು ಕಳಿಸಿ, "ಸಿಸ್ಟರಿಗೆ ಹೇಳು, ಇದು ಬೆನ್ನಿಂದಲ್ಲ, ಒಳಗಿಂದು ಅಂತ" ಅಂದಿದ್ದಳು. ತಿಪಟೂರಿಗೆ ಕಳಿಸಿ ನೋಡಿಸಿದರೆ ಮೂತ್ರಪಿಂಡದಲ್ಲಿ ಕಲ್ಲು. ಅವತ್ತಿನಿಂದ ನಾನೂ ಕದ್ದುಮುಚ್ಚಿ ಆಕೆಯ ಹತ್ತಿರ ಜನ ಕಳಿಸತೊಡಗಿದೆ. "ಮಾತ್ರೆ ತಗೋ. ಬೆಳಿಗ್ಗೆ ಹಂಗೇ ಒಂದು ಹೆಜ್ಜೆ ಕಾಲಿಗೂ ಹೋಗ್ಬಾ." ಡಾಕ್ಟರಿಗೆ ಗೊತ್ತಾಗಿದ್ದರೆ ಮೆಮೋ ಗ್ಯಾರಂಟಿ.

ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಸಂಜೆ ಹೊತ್ತು ಆಕೆಯ ಕೊಬ್ಬರಿ ಅಟ್ಟದ ಕೆಳಗೆ ಕೂತು ಕಾಫಿ ಕುಡಿಯುವುದು, ಆಕೆಯ ಸೊಸೆ ಕರಿದ ಹಪ್ಪಳ ತಿನ್ನುವುದು, ಊರವರ ಸೊಂಟದ ಸಮಾಚಾರ ಮಾತಾಡುವುದು. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಆಕೆಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. "ಆಯಮ್ಮಂಗೆ ಸ್ವಂಟ ಏನೂ ಆಗಿಲ್ಲ ಕಣ್ರೀ. ಮನೇಲಿ ಮೂರು ಗಳಿಗೆ ಮಲಗಕ್ಕೆ ಬುಡಲ್ಲ ಅಂತ ನನ್ನತ್ರ ಬಂದು ಮಲಗ್ತಾಳೆ. ಮಲಗಲಿ. ನಾನೂ ಸುಮ್ಕೆ ಕಾಲು ಮಡಗಿರ್ತೀನಿ." ಹೇಳಿ ಗುಟ್ಟಾಗಿ ನಗುವಳು. ನನಗೆ ಆ ಊರಲ್ಲಿ ಆಕೆಗಿಂತ ಹತ್ತಿರದವರು ಯಾರೂ ಇರಲಿಲ್ಲ.

ಅಷ್ಟಾದರೂ ನಾನು ಆಕೆಯ ಕಾಲ ಕೆಳಗೆ ಮಲಗಿದವಳಲ್ಲ. ಆ ದಿನವೂ ಬಂತು. ರಿಟೈರ್ ಆಗಲು ಒಂದು ವರ್ಷವಿತ್ತು. ಲಸಿಕೆ ಡಬ್ಬ ಎತ್ತಲು ಬಗ್ಗಿದವಳು ಮೇಲೇಳಲಾಗಲಿಲ್ಲ. ಎರಡು ದಿನ ನಮ್ಮ ಮಾತ್ರೆ ನಾನೇ ನುಂಗಿದೆ, ಬಿಸಿ ನೀರಿನ ಶಾಖ ಕೊಟ್ಟುಕೊಂಡೆ. ಮೂರನೇ ದಿನ ಬೆಳಿಗ್ಗೆ, ಹಿತ್ತಲ ಗಿಡ ಮದ್ದಲ್ಲ ಅಂತ ಇಷ್ಟು ವರ್ಷ ಬಿಂಕ ಮಾಡಿದ್ದು ಸಾಕು ಅಂತ ಗೋಡೆ ಹಿಡಿದುಕೊಂಡು ಆಕೆಯ ಮನೆಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. "ಅಂತೂ ಬಂದ್ರಲ್ಲಪ್ಪ ಸರ್ಕಾರದೋರು!" ಅಂತ ಆಕೆ ಕುಣಿಯುವುದೊಂದು ಬಾಕಿ. ಹೊಸ ಗೋಣಿಚೀಲ ಹಾಸಿದಳು. ಮಲಗಿದೆ.

ಈಗ ಅಂಗಾಲು ತಾಗುತ್ತದೆ, ಸವರುತ್ತದೆ, ಆಮೇಲೆ ತೂಕ ಅಂತ ಕಾದೆ. ತಾಗಲೂ ಇಲ್ಲ, ಸವರಲೂ ಇಲ್ಲ. ಸೊಂಟಕ್ಕಿಂತ ಒಂದು ಗೇಣು ಮೇಲೆ, ಪಕ್ಕೆಯ ಹತ್ತಿರ, ಧಡಕ್ಕನೆ ಇಡೀ ಭಾರ ಬಿತ್ತು. ಒಳಗೆ ಲಟಕ್ ಅಂದದ್ದು ನನ್ನ ಕಿವಿಗೇ ಕೇಳಿಸಿತು. ಅಯ್ಯೋ ಅಮ್ಮಾ ಅಂತ ಕಿರುಚಿಕೊಂಡೆ.

ಆಕೆ ಗಾಬರಿಯಾಗಿ ಮೇಲಿಂದ ಅಂದಳು: "ಯಾಕ್ ಸಿಸ್ಟ್ರೇ? ಇನ್ನೂ ಕಾಲೇ ಮಡಗಿಲ್ಲವಲ್ರೀ!"

ಆ ಮಾತು ಕೇಳಿದ ಮೇಲೆ ನನಗೆ ಪಕ್ಕೆಯ ನೋವು ಮರೆತುಹೋಯಿತು. ಹೇಗೋ ಹೊರಳಿ ಎದ್ದು ಕೂತು, "ಅಕ್ಕಾ, ಕಾಲು ತೋರಿಸು" ಅಂದೆ. ಬೇಡ ಬೇಡ ಅಂದರೂ ಎಳೆದು ನೋಡಿದೆ. ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಕರಟದ ಚೂರೊಂದು ಹೊಕ್ಕು ಕೂತಿತ್ತು. ಸುತ್ತ ಕಪ್ಪಾಗಿತ್ತು, ಒತ್ತಿದರೆ ಕೀವು. ಎಷ್ಟು ದಿನದಿಂದ ಇತ್ತೋ. "ಇದು ಯಾವಾಗ ಚುಚ್ಚಿದ್ದು?" ಅಂದರೆ ಆಕೆ ನನ್ನ ಮುಖವನ್ನೇ ನೋಡುತ್ತಾಳೆ. ಚುಚ್ಚಿದ್ದೇ ಆಕೆಗೆ ಗೊತ್ತಿಲ್ಲ! ಪಿನ್ನು ತೆಗೆದು ಅಂಗಾಲಿಗೆ ಮೆಲ್ಲಗೆ ಚುಚ್ಚಿದೆ, ಗೊತ್ತಾಗಲಿಲ್ಲ. ಬ್ಯಾಗಿನಲ್ಲಿದ್ದ ಮಿಷನ್ನಿನಲ್ಲಿ ಬೆರಳಿನ ರಕ್ತ ನೋಡಿದರೆ ಅದು ನಂಬರನ್ನೇ ತೋರಿಸಲಿಲ್ಲ, ಬರೀ 'ಹೈ' ಅಂತ ಬಂತು. ಸಕ್ಕರೆ ಕಾಯಿಲೆ. ಅಂಗಾಲು ಸತ್ತುಹೋಗಿತ್ತು.

ಇಲ್ಲಿ ನಾನು ಒಂದು ಮಾತು ಹೇಳಬೇಕು. ಹೇಳದೆ ಮುಂದಕ್ಕೆ ಹೋದರೆ ನನಗೆ ಅನ್ನ ಇಳಿಯುವುದಿಲ್ಲ. ಅದಕ್ಕೆ ಏಳೆಂಟು ತಿಂಗಳು ಮುಂಚೆ ಆಕೆ ಸಬ್‌ಸೆಂಟರಿಗೆ ಬಂದಿದ್ದಳು. ತನಗೋಸ್ಕರ ಬಂದದ್ದು ಅದೊಂದೇ ಸಲ. "ಸಿಸ್ಟ್ರೇ, ಅಂಗಾಲಿಗೆ ಹತ್ತಿ ಕಟ್ಟಿದಂಗೆ ಐತೆ ಕಣ್ರೀ. ಚಪ್ಲಿ ಕಳಚಿ ಹಿಂದೆ ಬಿದ್ರೂ ತಿಳಿಯಾಕಿಲ್ಲ. ತುಳಿಯೋವಾಗ ಬೆನ್ನೂ ಸರಿಯಾಗಿ ತಿಳೀತಿಲ್ಲ. ಜನರನ್ನ ತುಳೀಬೋದಾ ನಾನು?" ಅಂತ ಕೇಳಿದ್ದಳು. ಮುಂದೆ ರಿಜಿಸ್ಟರ್ ರಾಶಿ ಬಿದ್ದಿತ್ತು, ಮಾರನೇ ದಿನ ಇನ್ಸ್‌ಪೆಕ್ಷನ್ನು. ನಾನು ತಲೆ ಎತ್ತದೆ, "ವಯಸ್ಸಾಯ್ತಲ್ಲಕ್ಕ, ಜೋಮು ಅಷ್ಟೇ. ಏನಾಗಲ್ಲ, ತುಳಿ" ಅಂದು ಒಂದು ಹಿಡಿ ಬಿ-ಕಾಂಪ್ಲೆಕ್ಸ್ ಕೊಟ್ಟು ಕಳಿಸಿದ್ದೆ. ಬೇವಿನ ಮರದ ಕೆಳಗೆ ಊರವರನ್ನೆಲ್ಲ ಕೂರಿಸಿ ಸಕ್ಕರೆ ಕಾಯಿಲೆಯ ಭಾಷಣ ಮಾಡುತ್ತಿದ್ದವಳು ನಾನು. ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯ ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ನೋಡಲಿಲ್ಲ. ನನ್ನ ಮಾತು ನಂಬಿ ಆಕೆ ತುಳಿಯುವುದು ಮುಂದುವರಿಸಿದಳು.

ಅವತ್ತು ಪಕ್ಕೆ ಹಿಡಿದುಕೊಂಡು ಆಕೆಗೆ ಹೇಳಿದೆ: "ನಾನು ಬಚ್ಚಲಲ್ಲಿ ಜಾರಿಬಿದ್ದೆ ಅಂತೀನಿ. ನೀನು ಬಾಯಿ ಬಿಡಬೇಡ. ನಾಳಿದ್ದು ತಿಪಟೂರಿಗೆ ಹೋಗೋಣ, ನಿನ್ನ ಕಾಲು ತೋರಿಸೋಣ." ಆಕೆಯ ಮರ್ಯಾದೆ ಉಳಿಸಲು ಹಾಗೆ ಹೇಳಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಉಳಿಯಬೇಕಾಗಿದ್ದು ನನ್ನದೂ ಇತ್ತು. ಆಕೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಎಕ್ಸ್‌ರೇಯಲ್ಲಿ ನನ್ನ ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ನಮ್ಮ ಯಜಮಾನರಿಗೂ ಬಚ್ಚಲ ಕಥೆಯನ್ನೇ ಹೇಳಿದೆ.

ಹೇಳಿದ ದಿನ ಬೆಳಿಗ್ಗೆ ಎದೆಗೆ ಬೆಲ್ಟ್ ಬಿಗಿದುಕೊಂಡು ಆಕೆಯನ್ನು ಕರೆಯಲು ಹೋದೆ. ಜಗಲಿ ಮೇಲೆ ಎಂದಿನಂತೆ ಜನ. ಆಕೆ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ತಲೆ ಮೇಲೆ ಸೆರಗು ಇತ್ತು.

"ಎಲ್ಲಾರೂ ಕೇಳ್ರಪ್ಪ. ಸಿಸ್ಟರಮ್ಮ ಬಚ್ಚಲಲ್ಲಿ ಬಿದ್ದಿಲ್ಲ. ಅವರ ಪಕ್ಕೆ ಮುರಿದೋಳು ನಾನು. ಸಕ್ರೆ ಕಾಯ್ಲೆ ಬಂದು ನನ್ನ ಅಂಗಾಲು ಸತ್ತೋಗೈತೆ. ಇವತ್ತಿಂದ ನಾನು ಯಾರನ್ನೂ ತುಳಿಯಲ್ಲ."

ಕೊಬ್ಬರಿ ಮಂಡಿಯ ಹಮಾಲಿಯೊಬ್ಬ ಸೊಂಟ ಹಿಡಿದುಕೊಂಡೇ ಎದ್ದುನಿಂತ. "ಕಾಲು ಮುಂದಾಗಿ ಹುಟ್ಟಿರೋಳು ನೀನು. ಸಕ್ರೆ ಬಂದ್ರೆ ಹುಟ್ಟು ಎಲ್ಲಿಗವ್ವ ಹೋಯ್ತದೆ? ತೂಕ ಬುಡಬ್ಯಾಡ, ಸುಮ್ಕೆ ಮುಟ್ಟಿಸು ಸಾಕು."

"ಹಂಗೆ ಹುಟ್ಟಿದ್ದು ನಮ್ಮವ್ವ ಪಟ್ಟ ಕಷ್ಟ ಕಣಪ್ಪ, ಅದ್ರಾಗೆ ನಂದೇನೈತೆ?" ಅಂದಳು ಆಕೆ. "ತುಳಿಯೋದು ಕಲಿತಿದ್ದು ನನ್ನ ಅಂಗಾಲು. ಅದೇ ಹೋದ್ಮೇಲೆ ಮುಗೀತು."

ಆಗ ಗುಂಪಿನ ಹಿಂದಿನಿಂದ ಒಬ್ಬಳು ಮುಯ್ಯಿ ತೀರಿಸುವವಳ ಹಾಗೆ ಕೇಳಿದಳು. ಹಿಂದಿನ ತಿಂಗಳು ತುಳಿಸಿಕೊಂಡು ಹೋದವಳು, ನೋವು ಕಮ್ಮಿಯಾಗಿರಲಿಲ್ಲವೋ ಏನೋ. "ಇಷ್ಟು ದಿನ ನಿಂಗೆ ಗೊತ್ತಾಗ್ಲಿಲ್ವೇನು? ಗೊತ್ತಿದ್ದೇ ನಮ್ಮ ಮ್ಯಾಲೆ ನಿಂತ್ಕಂಡ್ಯಾ? ಸಿಸ್ಟರಿಗಾದ್ರೂ ಹೇಳ್ಬೋದಿತ್ತಲ್ಲ?"

ಹೇಳಿದೆ, ಸಿಸ್ಟರಿಗೆ ಹೇಳಿದೆ ಅಂತ ಆಕೆ ಅಂದರೆ ಮುಗಿಯಿತು. ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ. ತಪ್ಪಾಯ್ತು."

ನಾನು ಅಲ್ಲೇ, ಮೂರು ಮಾರು ದೂರದಲ್ಲಿ ನಿಂತಿದ್ದೆ. ಇಲ್ಲ, ನನಗೆ ಹೇಳಿದ್ದಳು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ. ಪಕ್ಕೆ ನೋಯುತ್ತದೆ ಅನ್ನುವವಳ ಹಾಗೆ ಬೆಲ್ಟ್ ಸರಿಮಾಡಿಕೊಂಡೆ.

ತಿಪಟೂರಿನಲ್ಲಿ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಆಮೇಲೆ ಎಷ್ಟೋ ತಿಂಗಳು ದಿನಾ ಸಂಜೆ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟಿದೆ. ಮನಸ್ಸಿನ ಭಾರ ಇಳಿಸಿಕೊಳ್ಳಲು ನನಗೆ ಗೊತ್ತಿದ್ದ ಕೆಲಸ ಅದೊಂದೇ. ಕಾಲನ್ನು ನನ್ನ ತೊಡೆ ಮೇಲಿಟ್ಟುಕೊಂಡರೆ ಆಕೆಗೆ ಪ್ರಾಣಸಂಕಟ. "ಥೂ, ಸರ್ಕಾರದೋರ ತೊಡೆ ಮ್ಯಾಲೆ ಕಾಲು ಮಡಗಿದೀನಲ್ಲ, ಯಾವ ನರಕಕ್ಕೆ ಹೋಯ್ತೀನೋ" ಅನ್ನುತ್ತಿದ್ದಳು. ಊರಿನ ಅರ್ಧ ಬೆನ್ನುಗಳ ಮೇಲೆ ನಿಂತವಳಿಗೆ ನನ್ನ ತೊಡೆಯ ಮೇಲೆ ಸಂಕೋಚ.

ಒಂದು ಸಂಜೆ ತಡೆಯಲಾಗದೆ ಕೇಳಿದೆ. "ಅಕ್ಕಾ, ಅವತ್ತು ಯಾಕೆ ಹಂಗಂದೆ? ನನಗೆ ಹೇಳಿದ್ದೆಯಲ್ಲ."

"ನನ್ನ ಕಾಲಿನ ಮ್ಯಾಲೆ ನಂಬಿಕೆ ಹೋದ್ರೆ ಜನ ನಿಮ್ಮತ್ರ ಬತ್ತಾರೆ. ನಿಮ್ಮ ಮ್ಯಾಲೆ ಹೋದ್ರೆ ಎಲ್ಲಿಗೆ ಹೋಯ್ತಾರೆ ಕಣ್ರೀ? ಬಸುರಿ ಬಾಣಂತೀರು ಎಲ್ಲಿಗೆ ಹೋಗಬೇಕು?" ಅಂದಳು. ಆಮೇಲೆ, "ಗಟ್ಟಿಯಾಗಿ ಕಟ್ಟಿ, ನಿನ್ನೆ ಸಡ್ಲ ಆಗಿತ್ತು" ಅಂದಳು.

ನಾನು ರಿಟೈರಾಗಿ ತಿಪಟೂರಿಗೆ ಬಂದೆ. ಊರವರು ನನಗೆ ಸನ್ಮಾನ ಮಾಡಿ, ಶಾಲು ಹೊದಿಸಿ ಕಳಿಸಿದರು. ಆಕೆ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದಳು. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು ಆಕೆಯ ಸೊಸೆ ಫೋನ್ ಮಾಡಿ, "ಸಿಸ್ಟ್ರೇ, ನಮ್ಮತ್ತೆ ಹೋಗ್ಬುಟ್ರು. ರಾಗಿ ಮುದ್ದೆ ಉಂಡು ಮಲಗಿದೋರು ಏಳಲೇ ಇಲ್ಲ" ಅಂದಳು. ಹನ್ನೊಂದನೇ ದಿನದ ತಿಥಿಗೆ ಹೋದೆ. ಊಟದ ಪಂಕ್ತಿಯಲ್ಲಿ ನನ್ನ ಆಚೆ ಈಚೆ ಕೂತವರು ಆಕೆಯನ್ನು ನೆನೆಸಿಕೊಳ್ಳುತ್ತಿದ್ದರು. ಎಂಥ ಕಾಲು, ಎಂಥ ಹಿತ, ಅಂಥವಳು ಇನ್ನು ಹುಟ್ಟಲ್ಲ. ಆಮೇಲೆ ಆ 'ಆದರೆ' ಬಂತು. "ಆದ್ರೆ ಕಡೇಲಿ ಹಂಗೆ ಮುಚ್ಚಿಟ್ಕಂಡು ತುಳೀಬಾರ್ದಿತ್ತು ಬುಡಿ."

ಎಲೆ ಮುಂದೆಯೇ ಎದ್ದುನಿಂತು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿಬಿಟ್ಟೆ. "ಮುಚ್ಚಿಡಲಿಲ್ಲ. ನನಗೆ ಬಂದು ಹೇಳಿದ್ದಳು. ತುಳೀಬೋದಾ ಅಂತ ಕೇಳಿದ್ದಳು. ಏನಾಗಲ್ಲ ತುಳಿ ಅಂತ ಕಳಿಸಿದವಳು ನಾನು. ನನ್ನ ಹೆಸರು ಕೆಡಬಾರದು ಅಂತ ತಪ್ಪು ತನ್ನ ತಲೆ ಮೇಲೆ ಹಾಕಿಕೊಂಡಳು."

ಪಾಯಸ ಬಡಿಸುತ್ತಿದ್ದ ಸೊಸೆ ಸೌಟು ಹಿಡಿದುಕೊಂಡೇ ನನ್ನ ಎದುರಿಗೆ ಬಂದು ನಿಂತಳು. ಬೈಯುತ್ತಾಳೆ, ಬೈಯಲಿ ಅಂತ ಕಾದೆ. ಅವಳು ಬೈಯಲಿಲ್ಲ.

"ಎಂಟು ವರ್ಷ, ಸಿಸ್ಟ್ರೇ," ಅಂದಳು. "ಎಂಟು ವರ್ಷ ದಿನಾ ಅವರ ಕಾಲು ತೊಳೆಯುವಾಗೆಲ್ಲ ನಾನು ಬೈತಿದ್ದೆ ಕಣ್ರೀ. ಬಾಯಿ ಬಿಟ್ಟು ಯಾರಿಗಾದ್ರೂ ಹೇಳೋಕೆ ನಿಮಗೇನಾಗಿತ್ತು ಅಂತ. ಒಂದ್ ದಿನಾನೂ ಎದುರಾಡ್ಲಿಲ್ಲ ನಮ್ಮತ್ತೆ. ಹೌದು ಕಣವ್ವ, ಹೇಳಬೇಕಿತ್ತು ಅಂತಿದ್ರು."